ಸ್ವಲ್ಪ ಕಮ್ಮಿ ಮಾಡಿ ಸ್ವಾಮಿ

ಬ್ಲೂಸ್ ಮೌತ್ ಆರ್ಗನ್ ನುಡಿಸೋದಕ್ಕೆ ಒಳ್ಳೆಯ ಟ್ಯೂಬ್ ಆಂಪ್ಲಿಫೈಯರ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮರುಪ್ರಶ್ನೆ ಹಾಕುತ್ತೇನೆ: ಏನೇನು ಬಿಟ್ಟುಕೊಡೋಕೆ ತಯಾರಿದ್ದೀರಿ? ವ್ಯಾಟ್ ಬಿಡ್ತೀರಾ? ಗೇನ್ ಬಿಡ್ತೀರಾ? ಟ್ರೆಬಲ್ ಬಿಡ್ತೀರಾ? ಎದುರಿಗಿದ್ದವರ ಮುಖ ಸಪ್ಪಗಾಗುತ್ತದೆ. ಬೋನಸ್ ಬಂದ ತಿಂಗಳು ಎಂಬತ್ತು ಸಾವಿರವೋ ಲಕ್ಷವೋ ಹಿಡಿದುಕೊಂಡು ಹೊರಟವರಿಗೆ ಬಿಡೋ ಮಾತು ರುಚಿಸುವುದಿಲ್ಲ. ಆದರೂ ನಾನು ಹೇಳಬೇಕಾದದ್ದು ಅದನ್ನೇ. ಮೌತ್ ಆರ್ಗನ್ನಿಗೆ ಆಂಪ್ ಆರಿಸೋದು, ಹೊಂದಿಸೋದು ಅಂದ್ರೆ ಕಮ್ಮಿ ಮಾಡುವ ಕೆಲಸ. ನಮಗೆ ಮಾರುತ್ತಿರುವುದು, ನಾವು ಖುಷಿಯಿಂದ ಕೊಳ್ಳುತ್ತಿರುವುದು, ಜಾಸ್ತಿ ಮಾಡುವ ಯಂತ್ರ.

ಮೌತ್ ಆರ್ಗನ್ ಅಂದಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯಲ್ಲಿ ಸಂಜೆ ಹೊತ್ತು ಒಬ್ಬನೇ ಕೂತು ನುಡಿಸುವ ಅಮಿತಾಭ್ ಬಚ್ಚನ್. ಅದು ಮೆಲುದನಿಯ ಮೌತ್ ಆರ್ಗನ್. ನಾನು ಹೇಳುತ್ತಿರುವುದು ಬೇರೆ. ಹತ್ತೇ ತೂತಿನ ಪುಟ್ಟ ವಾದ್ಯ, ಅದರ ಹಿಂದೆ ಅಂಗೈಯಲ್ಲಿ ಮುಚ್ಚಿಟ್ಟುಕೊಂಡ ಗುಂಡು ಮೈಕು, ಆ ಮೈಕಿನ ವೈರು ಹೋಗಿ ಸೇರುವುದು ಒಂದು ಟ್ಯೂಬ್ ಆಂಪಿಗೆ. ಆಂಪು ಸುಸ್ತಾಗುವಷ್ಟು ತುಂಬಿಕೊಂಡು ಹೊರಗೆ ಬಿಡುವ ಸದ್ದು ಮೌತ್ ಆರ್ಗನ್ನಿನದು ಅಂತ ಅನ್ನಿಸೋದೇ ಇಲ್ಲ. ಗಂಟಲು ಕಟ್ಟಿದ ಸ್ಯಾಕ್ಸೊಫೋನಿನ ಹಾಗೆ, ಅಳು ನುಂಗಿಕೊಂಡು ಜಗಳಕ್ಕೆ ನಿಂತ ಮನುಷ್ಯನ ಹಾಗೆ ಇರುತ್ತದೆ. ಚಿಕಾಗೋ ಬ್ಲೂಸ್ ಅಂದ್ರೆ ಅರ್ಧ ಈ ಸದ್ದೇ.

ಟ್ಯೂಬ್ ಅಂದ್ರೆ ಟ್ಯೂಬ್‌ಲೈಟ್ ಅಲ್ಲ ಅಂತ ಬಿಡಿಸಿ ಹೇಳಬೇಕಾದ ಕಾಲ ಇದು. ನಮ್ಮ ಅಪ್ಪನ ತಲೆಮಾರು ಅದನ್ನು ವಾಲ್ವ್ ಅಂತ ಕರೆಯುತ್ತಿತ್ತು. ಸ್ವಿಚ್ ಹಾಕಿ ಒಂದರ್ಧ ನಿಮಿಷ ಕಾದ ಮೇಲೆ ಬಿಸಿಯಾಗಿ ಮಾತಾಡುವ ರೇಡಿಯೋ ಇತ್ತಲ್ಲ, ಅದರೊಳಗೆ ಕೆಂಪಗೆ ಕೂತಿರುತ್ತಿದ್ದ ಗಾಜಿನ ಬುರುಡೆಗಳು. ಅರವತ್ತರ ದಶಕದಲ್ಲಿ ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲೇ ರೇಡಿಯೋ ವಾಲ್ವ್‌ಗಳು ತಯಾರಾಗುತ್ತಿದ್ದವು. ಟ್ರಾನ್ಸಿಸ್ಟರ್ ಬಂತು, ವಾಲ್ವ್ ಹೋಯಿತು. ಸಂಗೀತಗಾರರು ಮಾತ್ರ ಬಿಡಲಿಲ್ಲ. ಅದಕ್ಕೆ ಭಕ್ತಿಯಲ್ಲದ ಒಂದು ಕಾರಣ ಇದೆ. ಮಿತಿ ಮೀರಿ ಸಿಗ್ನಲ್ ಕೊಟ್ಟರೆ ಸಾದಾ ಟ್ರಾನ್ಸಿಸ್ಟರ್ ಆಂಪು ಅಲೆಯ ನೆತ್ತಿಯನ್ನು ಕತ್ತಿಯಲ್ಲಿ ಸವರಿದ ಹಾಗೆ ಚಪ್ಪಟೆಯಾಗಿ ಕತ್ತರಿಸುತ್ತದೆ. ಟ್ಯೂಬು ನೆತ್ತಿಯನ್ನು ನಿಧಾನಕ್ಕೆ ಉರುಟಾಗಿಸುತ್ತದೆ. ಒಂದು ಕರ್ಕಶ, ಇನ್ನೊಂದು ಒರಟು. ಬ್ಲೂಸಿಗೆ ಬೇಕಾದದ್ದು ಒರಟು.

ಇಷ್ಟು ಗೊತ್ತಾದ ಮೇಲೆ ನಮ್ಮ ಟೆಕ್ಕಿ ಏನು ಮಾಡ್ತಾನೆ? ವೀಕೆಂಡಿಗೆ ಅಂಗಡಿಗೆ ಹೋಗ್ತಾನೆ. ಅಲ್ಲಿ ಸಾಲಾಗಿ ನಿಂತಿರುವುದೆಲ್ಲ ಗಿಟಾರಿನ ಆಂಪುಗಳು. ಬೆಂಗಳೂರಿನ ಒಂದು ಅಂಗಡಿಯಲ್ಲಿ ನಾನು ಮೌತ್ ಆರ್ಗನ್ನಿಗೆ ಬೇಕು ಅಂದಾಗ ಸೇಲ್ಸ್‌ನ ಹುಡುಗ ಕಣ್ಣು ಮಿಟುಕಿಸದೆ ‘ಸರ್, ಹಾಗಾದ್ರೆ ಇದು ತಗೊಳ್ಳಿ, ಹೈ ಗೇನ್, ಐವತ್ತು ವ್ಯಾಟ್, ಮೂರು ಚಾನೆಲ್’ ಅಂದ. ಯಾಕೆ ಅಂತ ಕೇಳಿದೆ. ‘ಸೌಂಡ್ ಚೆನ್ನಾಗಿ ಬರುತ್ತೆ ಸರ್’ ಅಂದ. ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನ ಹೊಟ್ಟೆಪಾಡು ಟಾರ್ಗೆಟ್ಟಿನ ಮೇಲೆ ನಡೆಯುತ್ತದೆ. ನನ್ನ ಕೋಪ ನಮ್ಮಂಥವರ ಮೇಲೆ. ದಿನಾ ಆಫೀಸಿನಲ್ಲಿ ರಿಕ್ವೈರ್‌ಮೆಂಟ್ ಏನು ಅಂತ ಹತ್ತು ಸಲ ಕೇಳಿ ಕ್ಲೈಂಟಿನ ತಲೆ ತಿನ್ನುವವರು, ಸ್ವಂತ ದುಡ್ಡು ಸುರಿಯುವಾಗ ಆ ಒಂದು ಪ್ರಶ್ನೆ ಕೇಳಿಕೊಳ್ಳೋದಿಲ್ಲ.

ಹಾಗಾದರೆ ರಿಕ್ವೈರ್‌ಮೆಂಟ್ ಏನು? ಇಲ್ಲಿಂದ ಶುರು ಮಾಡೋಣ.

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಗಮನಿಸೋದು ಮುಖ್ಯವಾಗಿ ತಂತಿಯ ಅಲುಗಾಟವನ್ನು. ಮೈಕು ಹಾಗಲ್ಲ, ಅದು ಗಾಳಿಯಲ್ಲಿರುವ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ನಿಮ್ಮ ಮೌತ್ ಆರ್ಗನ್ನಿನ ಸ್ವರವನ್ನೂ ಕೇಳುತ್ತದೆ, ಆಂಪಿನ ಸ್ಪೀಕರಿನಿಂದ ಬಂದ ಅದೇ ಸ್ವರವನ್ನೂ ಇನ್ನೊಮ್ಮೆ ಕೇಳುತ್ತದೆ. ಕೇಳಿದ್ದನ್ನು ಮತ್ತೆ ಆಂಪಿಗೆ ಕೊಡುತ್ತದೆ, ಆಂಪು ಅದನ್ನು ಮತ್ತೆ ದೊಡ್ಡದು ಮಾಡುತ್ತದೆ. ಈ ಸುತ್ತಿನಲ್ಲಿ ಪ್ರತಿ ಸಲವೂ ಸದ್ದು ಹಿಂದಿನದಕ್ಕಿಂತ ದೊಡ್ಡದಾದರೆ ಕಥೆ ಮುಗಿಯಿತು. ‘ಕುಂಯ್’ ಅಂತ ಕೂಗು ಏಳುತ್ತದೆ. ಕೋಡ್ ಬರೆಯುವವರಿಗೆ ಬೇರೆ ಉದಾಹರಣೆ ಬೇಕಿಲ್ಲ, ನಿಲ್ಲುವ ಷರತ್ತಿಲ್ಲದ ಲೂಪ್ ಇದು.

ನಮ್ಮೂರಿನ ಕಡೆ ಮೇಳದ ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಭಾಗವತರು ಪದ ಎತ್ತಿದ ಕೂಡಲೇ ಮೈಕು ಕುಂಯ್‌ಗುಟ್ಟಿದರೆ ಮೈಕ್ ಸೆಟ್ಟಿನವನು ಏನು ಮಾಡುತ್ತಿದ್ದ? ಹಲಸಿನ ಮರಕ್ಕೆ ಕಟ್ಟಿದ ಹಾರ್ನನ್ನು ಸ್ವಲ್ಪ ಆಚೆ ತಿರುಗಿಸುತ್ತಿದ್ದ, ಟ್ರೆಬಲ್ ಇಳಿಸುತ್ತಿದ್ದ, ವಾಲ್ಯೂಮ್ ಒಂದು ಕೂದಲೆಳೆ ಕಮ್ಮಿ ಮಾಡುತ್ತಿದ್ದ. ಎಸ್‌ಎಸ್‌ಎಲ್‌ಸಿ ಮುಟ್ಟದ ಆ ಮನುಷ್ಯ ಹೊಸ ಆಂಪ್ಲಿಫೈಯರ್ ತರಿಸಲಿಲ್ಲ. ಇದ್ದದ್ದನ್ನೇ ಕಮ್ಮಿ ಮಾಡಿದ, ಬೆಳಗಿನವರೆಗೆ ಆಟ ನಡೆಸಿದ. ನಮ್ಮ ಬಿಇ ಪದವಿಗೆ ಅಷ್ಟು ತಿಳಿವಳಿಕೆ ಇದ್ದಿದ್ದರೆ ಸಾಕಿತ್ತು.

ಈಗ ಲೆಕ್ಕಕ್ಕೆ ಬರೋಣ. ಗುಂಡು ಮೈಕನ್ನು ವಾದ್ಯದ ಹಿಂದೆ ಇಟ್ಟು ಎರಡೂ ಕೈಯಲ್ಲಿ ಗಾಳಿ ಸೋರದ ಹಾಗೆ ಮುಚ್ಚಿದಾಗ ಮೈಕಿನಿಂದ ಹೊರಡುವ ಸಿಗ್ನಲ್ಲೇ ಜೋರಾಗಿರುತ್ತದೆ. ಅದನ್ನು ಗಿಟಾರ್ ಆಂಪಿಗೆ ಚುಚ್ಚುತ್ತೀರಿ. ಇವತ್ತಿನ ಗಿಟಾರ್ ಆಂಪುಗಳಲ್ಲಿ ಸಾಮಾನ್ಯವಾಗಿ ಮೊದಲ ಪ್ರಿಆಂಪ್ ಟ್ಯೂಬ್ 12ಎಎಕ್ಸ್7. ಡೇಟಾಶೀಟಿನಲ್ಲಿ ಇದರ ಆಂಪ್ಲಿಫಿಕೇಶನ್ ಫ್ಯಾಕ್ಟರ್ 100. ಹೈ ಗೇನ್ ಆಂಪಿನಲ್ಲಿ ಇಂಥ ಹಂತಗಳು ಒಂದರ ಹಿಂದೆ ಒಂದು ಮೂರೋ ನಾಲ್ಕೋ ಇರುತ್ತವೆ. ಮೆಲ್ಲಗೆ ಮಾತಾಡುವ ಗಿಟಾರ್ ಪಿಕಪ್ಪಿಗೆ ಅದು ಸರಿ. ಮೊದಲೇ ಜೋರಾಗಿ ಬಂದ ಮೈಕಿನ ಸಿಗ್ನಲ್ಲಿಗೆ ಅಷ್ಟೂ ಗೇನ್ ಕೊಟ್ಟರೆ ವಾಲ್ಯೂಮ್ ಎರಡಕ್ಕೆ ಬರುವಷ್ಟರಲ್ಲಿ ಕೂಗು ಶುರು. ಪವರ್ ಟ್ಯೂಬುಗಳು ಇನ್ನೂ ನಿದ್ದೆಯಲ್ಲಿರುತ್ತವೆ. ಯಾವ ಟ್ಯೂಬು ದಣಿದು ಒರಟಾಗಲಿ ಅಂತ ಅಷ್ಟು ದುಡ್ಡು ಕೊಟ್ಟಿರೋ, ಆ ಟ್ಯೂಬಿಗೆ ಕೆಲಸವೇ ಇಲ್ಲ.

ಪರಿಹಾರ ಏನು? ಆ ಮೊದಲ 12ಎಎಕ್ಸ್7 ಕಿತ್ತು ಅದೇ ಸಾಕೆಟ್ಟಿಗೆ ಕಮ್ಮಿ ಗೇನಿನ ಟ್ಯೂಬ್ ಹಾಕೋದು. 12ಎಟಿ7 ಹಾಕಿದರೆ ಫ್ಯಾಕ್ಟರ್ 60. 12ಎವೈ7 ಆದರೆ ನಲವತ್ತರ ಆಸುಪಾಸು. 12ಎಯು7 ಆದರೆ ಇಪ್ಪತ್ತರ ಹತ್ತಿರ. ಪಿನ್ನುಗಳ ಜೋಡಣೆ ಒಂದೇ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಟ್ಯೂಬು ತಣ್ಣಗಾದ ಮೇಲೆ ಬದಲಾಯಿಸಿದರೆ ಆಯಿತು. ಪ್ರಿಆಂಪ್ ಟ್ಯೂಬಿಗೆ ಬಯಾಸ್ ಹೊಂದಿಸುವ ತಾಪತ್ರಯವೂ ಸಾಮಾನ್ಯವಾಗಿ ಇರುವುದಿಲ್ಲ. ಐದು ನಿಮಿಷದ ಕೆಲಸ. ಆಮೇಲೆ ಅದೇ ಆಂಪಿನಲ್ಲಿ ವಾಲ್ಯೂಮ್ ಎರಡರ ಬದಲು ಐದಕ್ಕೋ ಆರಕ್ಕೋ ಹೋಗುತ್ತದೆ. ಪವರ್ ಟ್ಯೂಬು ಎದ್ದು ಕೂರುತ್ತದೆ, ಸದ್ದು ದಪ್ಪಗಾಗುತ್ತದೆ. ಗೇನ್ ಕಮ್ಮಿ ಮಾಡಿದ್ದಕ್ಕೇ ಸದ್ದು ದೊಡ್ಡದಾಯಿತು. ಈ ವಾಕ್ಯವನ್ನು ಅಂಗಡಿಯವರು ಬೋರ್ಡ್ ಬರೆಸಿ ಹಾಕುವುದಿಲ್ಲ. ಯಾಕಂದ್ರೆ ಒಂದು ಸಣ್ಣ ಟ್ಯೂಬಿನ ಬೆಲೆಯಲ್ಲಿ ಹೊಸ ಆಂಪ್ ಮಾರೋಕಾಗಲ್ಲ.

ಇನ್ನು ವ್ಯಾಟು. ಐವತ್ತು ವ್ಯಾಟಿನ ಆಂಪು ಐದು ವ್ಯಾಟಿನದ್ದಕ್ಕಿಂತ ಹತ್ತು ಪಟ್ಟು ಜೋರು ಅಂತ ನಂಬಿದವರು ನಮ್ಮಲ್ಲಿ ಬಹಳ. ಕಿವಿ ಹಾಗೆ ಲೆಕ್ಕ ಹಾಕುವುದಿಲ್ಲ. ಪವರ್ ಹತ್ತು ಪಟ್ಟಾದರೆ ಏರುವುದು ಹತ್ತು ಡೆಸಿಬಲ್, ಕಿವಿಗೆ ಅದು ಸುಮಾರು ಎರಡು ಪಟ್ಟು. ಅಂದರೆ ಹೆಚ್ಚಿನ ನಲವತ್ತೈದು ವ್ಯಾಟಿಗೆ ಕೊಟ್ಟ ದುಡ್ಡಿನಲ್ಲಿ ಸಿಕ್ಕಿದ್ದು ಒಂದು ಹೆಜ್ಜೆ ಮಾತ್ರ. ಬದಲಿಗೆ ಕಳೆದುಕೊಂಡದ್ದು ದೊಡ್ಡದು. ಟ್ಯೂಬ್ ಆಂಪಿನ ರುಚಿ ಇರೋದು ಅದು ತನ್ನ ಮಿತಿ ಮುಟ್ಟಿದಾಗ. ಐವತ್ತು ವ್ಯಾಟನ್ನು ಮಿತಿ ಮುಟ್ಟಿಸಬೇಕಾದರೆ ನಿಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನವರು ತುರ್ತು ಸಭೆ ಕರೆಯಬೇಕಾಗುತ್ತದೆ. ಫೆಂಡರ್ ಚಾಂಪ್ ಅಂತ ಒಂದು ಪುಟ್ಟ ಆಂಪಿದೆ. ಅದರ ಐವತ್ತರ ದಶಕದ 5ಎಫ್1 ಸರ್ಕ್ಯೂಟಿನಲ್ಲಿ ಒಂದು 12ಎಎಕ್ಸ್7, ಒಂದೇ ಒಂದು 6ವಿ6 ಪವರ್ ಟ್ಯೂಬು, ಒಂದು 5ವೈ3 ರೆಕ್ಟಿಫೈಯರು, ಎಂಟು ಇಂಚಿನ ಸ್ಪೀಕರು, ಒಂದೇ ಗುಬ್ಬಿ. ಐದು ವ್ಯಾಟು. ನಗಬೇಡಿ. ಅದರ ನಕಲುಗಳು, ಕಿಟ್‌ಗಳು ಇವತ್ತೂ ಸಿಗುತ್ತವೆ. ಮನೆಗೆ ಅದು ಧಾರಾಳ. ವೇದಿಕೆಗೆ ಬೇಕಾದರೆ ಅದರ ಮುಂದೊಂದು ಮೈಕ್ ಇಟ್ಟು ಸಭಾಂಗಣದ ಸೌಂಡ್ ಸಿಸ್ಟಮ್ಮಿಗೆ ಕೊಡಿ. ದೊಡ್ಡದು ಮಾಡೋ ಕೆಲಸ ಅವರದ್ದು, ಒರಟು ಮಾಡೋ ಕೆಲಸ ಮಾತ್ರ ನಿಮ್ಮ ಆಂಪಿನದ್ದು.

‘ಅದೆಲ್ಲ ಸರಿ, ಆದರೆ ನಿಜವಾದ ಬ್ಲೂಸ್ ಟೋನ್ ಬರೋದು ಬ್ಯಾಸ್‌ಮನ್‌ನಲ್ಲೇ ಅಲ್ವಾ’ ಅನ್ನೋ ಪಂಡಿತರು ಇಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ಫೆಂಡರ್ ಬ್ಯಾಸ್‌ಮನ್, 5ಎಫ್6-ಎ ಮಾದರಿ, ನಾಲ್ಕು ಹತ್ತಿಂಚಿನ ಸ್ಪೀಕರು, ಸುಮಾರು ನಲವತ್ತು ವ್ಯಾಟು. ಮೌತ್ ಆರ್ಗನ್ ಲೋಕದ ಗರ್ಭಗುಡಿ ಅದು. ಅಸಲಿ ಬೇಕಾದರೆ ಹಲವು ಲಕ್ಷ ರೂಪಾಯಿ ಎಣಿಸಬೇಕು. ಅದು ಅದ್ಭುತವಾದ ಆಂಪು, ತಕರಾರಿಲ್ಲ. ತಕರಾರು ಇರೋದು ಅದರ ಸುತ್ತ ಕಟ್ಟಿದ ಸ್ಥಳಪುರಾಣದ ಬಗ್ಗೆ.

ಆಂಪಿಗೆ ಕೊಟ್ಟು ಒರಟು ಮಾಡಿದ ಮೌತ್ ಆರ್ಗನ್ನನ್ನು ಇಡೀ ಅಮೆರಿಕಕ್ಕೆ ಕೇಳಿಸಿದ ರೆಕಾರ್ಡು ಲಿಟಲ್ ವಾಲ್ಟರನ ‘ಜೂಕ್’. 1952ರ ಮೇ ತಿಂಗಳಲ್ಲಿ ಚಿಕಾಗೋದಲ್ಲಿ ಧ್ವನಿಮುದ್ರಣವಾಯಿತು. ಅದೇ ವರ್ಷ ಬಿಲ್‌ಬೋರ್ಡ್ ಪತ್ರಿಕೆಯ ಆರ್ ಅಂಡ್ ಬಿ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಹಾಡಿಲ್ಲ, ಮಾತಿಲ್ಲ, ಬರೀ ಮೌತ್ ಆರ್ಗನ್. ಈಗ ಕ್ಯಾಲೆಂಡರ್ ನೋಡಿ. 5ಎಫ್6-ಎ ಬ್ಯಾಸ್‌ಮನ್ ಬಂದದ್ದು 1958ರ ಹೊತ್ತಿಗೆ. ಅಂದರೆ ಯಾವ ಸದ್ದಿನ ಗುಟ್ಟು ಈ ಪೆಟ್ಟಿಗೆಯಲ್ಲಿದೆ ಅಂತ ಲಕ್ಷಗಟ್ಟಲೆ ಕೊಡ್ತಾರೋ, ಆ ಸದ್ದು ಹುಟ್ಟಿದಾಗ ಪೆಟ್ಟಿಗೆಯೇ ಹುಟ್ಟಿರಲಿಲ್ಲ. ಮಗು ಹುಟ್ಟಿ ಆರು ವರ್ಷದ ಮೇಲೆ ಸೂಲಗಿತ್ತಿ ಬಂದ ಹಾಗಾಯಿತು.

ಇನ್ನೊಂದು ಮಜಾ ಕೇಳಿ. ಹೆಸರೇ ಹೇಳುವ ಹಾಗೆ ಬ್ಯಾಸ್‌ಮನ್ ಮಾಡಿದ್ದು ಬ್ಯಾಸ್ ಗಿಟಾರಿಗೆ. ಮೌತ್ ಆರ್ಗನ್ನಿನವರು ಅದನ್ನು ತಮಗೆ ಒಗ್ಗಿಸಿಕೊಂಡರು. ಶ್ಯೂರ್ ಕಂಪನಿಯ ‘ಗ್ರೀನ್ ಬುಲೆಟ್’, ಆಸ್ಟಾಟಿಕ್‌ನ ‘ಜೆಟಿ-30’ ಅಂತ ಇವತ್ತು ಪೂಜೆ ಮಾಡುವ ಗುಂಡು ಮೈಕುಗಳೂ ಸಂಗೀತಕ್ಕೆ ಮಾಡಿದವಲ್ಲ. ಅವು ಅನೌನ್ಸ್‌ಮೆಂಟಿಗೆ, ವೈರ್‌ಲೆಸ್ ಸಂಭಾಷಣೆಗೆ ಬಳಕೆಯಾಗುತ್ತಿದ್ದ ಅಗ್ಗದ ಮಾತಿನ ಮೈಕುಗಳು. ಮೇಲಿನ ಸ್ವರ, ಕೆಳಗಿನ ಸ್ವರ ಎರಡನ್ನೂ ನೆಟ್ಟಗೆ ಹಿಡಿಯುವುದಿಲ್ಲ. ಸ್ಪೆಕ್ ಶೀಟಿನ ಪ್ರಕಾರ ಅದು ಕೊರತೆ. ಚಿಕಾಗೋದ ಕಲಾವಿದರು ಆ ಕೊರತೆಯನ್ನೇ ವಾದ್ಯ ಮಾಡಿಕೊಂಡರು. ಮೂಲ 5ಎಫ್6-ಎ ಬ್ಯಾಸ್‌ಮನ್ನಿನ ಮೊದಲ ಟ್ಯೂಬ್ ಯಾವುದು ಗೊತ್ತೇ? 12ಎವೈ7. ಕಮ್ಮಿ ಗೇನಿನದು! ನಮ್ಮ ಭಕ್ತರು ಆ ಆಂಪಿನ ಬಟ್ಟೆಯ ಬಣ್ಣ ಬಲ್ಲರು, ಸ್ಪೀಕರಿನ ಬ್ರ್ಯಾಂಡ್ ಬಲ್ಲರು. ಒಳಗಿರುವ ಈ ವಿವೇಕ ಮಾತ್ರ ಅವರ ಕಣ್ಣಿಗೆ ಬಿದ್ದಿಲ್ಲ.

ಇದು ಬರೀ ದುಡ್ಡಿನ ವಿಚಾರವಾಗಿದ್ದರೆ ನಾನಿಷ್ಟು ಹಾರಾಡುತ್ತಿರಲಿಲ್ಲ. ಅವರವರ ದುಡ್ಡು, ಅವರವರ ಇಎಂಐ. ಆದರೆ ಸದ್ದಿನ ಶ್ರೇಯಸ್ಸನ್ನು ಪೆಟ್ಟಿಗೆಗೆ ಬರೆದುಕೊಟ್ಟಾಗ ಮನುಷ್ಯರ ಹೆಸರು ಅಳಿಸಿಹೋಗುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಅಮೆರಿಕದ ದಕ್ಷಿಣದ ಹೊಲಗಳನ್ನು ಬಿಟ್ಟು ಸುಮಾರು ಅರವತ್ತು ಲಕ್ಷ ಕಪ್ಪು ಜನ ಉತ್ತರಕ್ಕೆ, ಪಶ್ಚಿಮಕ್ಕೆ ಗುಳೆ ಹೋದರು. ಮಡ್ಡಿ ವಾಟರ್ಸ್ ಮಿಸಿಸಿಪಿಯಿಂದ 1943ರಲ್ಲಿ ಚಿಕಾಗೋಗೆ ಬಂದ. ಲೂಯಿಸಿಯಾನಾದ ಹುಡುಗ ಲಿಟಲ್ ವಾಲ್ಟರ್ ಇನ್ನೂ ಹದಿಹರೆಯದಲ್ಲೇ ಅಲ್ಲಿಗೆ ಬಂದು ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆಯಲ್ಲಿ ನುಡಿಸಿದ. ಹಳ್ಳಿಯ ಜಗಲಿಯಲ್ಲಿ ಕೇಳುತ್ತಿದ್ದ ವಾದ್ಯ ನಗರದ ಸಂತೆಯ ಗದ್ದಲದಲ್ಲಿ, ಡ್ರಮ್ಮು ಎಲೆಕ್ಟ್ರಿಕ್ ಗಿಟಾರುಗಳ ನಡುವೆ ಕೇಳುತ್ತಿರಲಿಲ್ಲ. ಕೇಳಿಸಲೇಬೇಕಿತ್ತು. ಪಕ್ಕದ ಅಂಗಡಿಯಿಂದಲೋ ಮನೆಯಿಂದಲೋ ವೈರು ಎಳೆದು ಕರೆಂಟ್ ತಗೊಂಡು, ಕೈಗೆ ಸಿಕ್ಕ ಮೈಕು ಕೈಗೆ ಸಿಕ್ಕ ಆಂಪು ಜೋಡಿಸಿ, ಅದು ಕೂಗದ ಹಾಗೆ ಹಿಡಿತದಲ್ಲಿಟ್ಟು ಹೊಸ ಸ್ವರವನ್ನೇ ಕಂಡುಕೊಂಡರು.

ನಾನೂ ಹಳ್ಳಿ ಬಿಟ್ಟು ಬಂದವನೇ. ಆದರೆ ಅವರ ಜೊತೆ ಹೋಲಿಸಿಕೊಳ್ಳುವ ಸಲಿಗೆ ನನಗಿಲ್ಲ. ನಾನು ಕ್ಯಾಂಪಸ್ ಇಂಟರ್‌ವ್ಯೂ ಪಾಸಾಗಿ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಬಂದವನು. ಅವರು ಬಣ್ಣದ ಕಾರಣಕ್ಕೆ ಬಸ್ಸಿನಲ್ಲಿ ಎಲ್ಲಿ ಕೂರಬೇಕು ಅಂತ ಕಾನೂನೇ ಹೇಳುತ್ತಿದ್ದ ನಾಡಿನಿಂದ ಬಂದವರು. ಅಷ್ಟು ಮಾತ್ರ ಗೊತ್ತಾಗುತ್ತದೆ: ಇಲ್ಲದ್ದರಲ್ಲಿ ಹೊಂದಿಸಿಕೊಂಡು ಮಾಡಿದ ಕೆಲಸವನ್ನು ಆಮೇಲೆ ಬಂದವರು ಸಾಮಾನಿನ ಮಹಿಮೆ ಅಂದರೆ ಹೊಟ್ಟೆ ಉರಿಯುತ್ತದೆ. ಲಿಟಲ್ ವಾಲ್ಟರ್ 1968ರಲ್ಲಿ, ಮೂವತ್ತೇಳನೇ ವಯಸ್ಸಿಗೆ ತೀರಿಕೊಂಡ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನನ್ನು ಒಳಗೆ ಕರೆದದ್ದು 2008ರಲ್ಲಿ, ಸತ್ತು ನಲವತ್ತು ವರ್ಷಕ್ಕೆ. ಅಷ್ಟರೊಳಗೆ ಪೆಟ್ಟಿಗೆಗಳ ಬೆಲೆ ಎಷ್ಟೋ ಪಟ್ಟು ಏರಿತ್ತು.

ಬೈದದ್ದು ಸಾಕು, ಮಾಡೋದೇನು ಅಂತ ಹೇಳ್ತೀನಿ. ನಿಮ್ಮ ಹತ್ತಿರ ಈಗಾಗಲೇ ಒಂದು ಟ್ಯೂಬ್ ಆಂಪಿದ್ದರೆ ಅದನ್ನು ಮಾರಬೇಡಿ, ಮೊದಲು ಇಳಿಸಿ. ರಿವರ್ಬ್ ಸೊನ್ನೆ. ಬ್ರೈಟ್ ಸ್ವಿಚ್ ಇದ್ದರೆ ಆಫ್. ಎರಡು ಚಾನೆಲ್ ಇದ್ದರೆ ನಾರ್ಮಲ್‌ಗೆ ಹಾಕಿ. ಟ್ರೆಬಲ್ ಎರಡೋ ಮೂರೋ ಸಾಕು, ಮಿಡ್ ನಡುವೆ ಇರಲಿ, ಬ್ಯಾಸ್ ಏರಿಸಿ. ಮೌತ್ ಆರ್ಗನ್ನಿನ ಸ್ವರದಲ್ಲಿ ಚುರುಕು ಮೊದಲೇ ಇದೆ, ಇಲ್ಲದಿರುವುದು ಹೊಟ್ಟೆ. ಆಮೇಲೆ ಮೈಕನ್ನು ನುಡಿಸುವಾಗ ಹಿಡಿಯುವ ಹಾಗೇ ಎರಡೂ ಕೈಯಲ್ಲಿ ಮುಚ್ಚಿ ಹಿಡಿದು, ವಾಲ್ಯೂಮ್ ನಿಧಾನಕ್ಕೆ ಏರಿಸಲು ಇನ್ನೊಬ್ಬರಿಗೆ ಹೇಳಿ. ಕೂಗು ಶುರುವಾಗುವ ಜಾಗ ಸಿಕ್ಕಿತಾ? ಅಲ್ಲಿಂದ ಒಂದು ಕೂದಲು ಕೆಳಗೆ ನಿಮ್ಮ ಜಾಗ. ಮೈಕನ್ನು ಬರಿಗೈಯಲ್ಲಿ ಹಿಡಿದು ನೋಡಿದರೆ ಈ ಲೆಕ್ಕ ತಪ್ಪುತ್ತದೆ. ಅಂಗೈಯ ಗೂಡು ಕೂಗಿನ ಸ್ವರವನ್ನೂ ಅದು ಏಳುವ ಹೊತ್ತನ್ನೂ ಬದಲಿಸಿಬಿಡುತ್ತದೆ. ಮೈಕಿನ ಮುಖ ಸ್ಪೀಕರಿನ ಕಡೆ ತಿರುಗದ ಹಾಗೆ ನಿಲ್ಲಿ, ಎರಡು ಹೆಜ್ಜೆ ದೂರ ಸರಿಯಿರಿ. ಸಮಸ್ಯೆಯ ಒಂದು ಪಾಲು ಇಷ್ಟಕ್ಕೇ ಕರಗುತ್ತದೆ, ಅದೂ ಪುಕ್ಕಟೆ.

ಮೈಕಿನ ಜೊತೆ ಆಂಪಿನ ಸಂಬಂಧ ನೋಡಿಕೊಳ್ಳಿ. ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಸಭೆಗಳಲ್ಲಿ ಬಳಸುವ ಸಾದಾ ಡೈನಮಿಕ್ ಮೈಕು ಲೋ ಇಂಪೀಡೆನ್ಸ್. ಅದಕ್ಕೂ ಗಿಟಾರ್ ಆಂಪಿಗೂ ನಡುವೆ ಇಂಪೀಡೆನ್ಸ್ ಹೊಂದಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು. ಹಳೆಯ ಕ್ರಿಸ್ಟಲ್ ಮೈಕಿಗೆ ಉಲ್ಟಾ. ಆಂಪಿನ ಇನ್‌ಪುಟ್ ಒಂದು ಮೆಗಾಓಮ್ ಅಥವಾ ಅದಕ್ಕೂ ಮೇಲಿರಬೇಕು, ಇಲ್ಲದಿದ್ದರೆ ಬ್ಯಾಸ್ ಸೋರಿಹೋಗಿ ಸದ್ದು ಸೊಳ್ಳೆಯಾಗುತ್ತದೆ. ಫೆಂಡರ್ ಮಾದರಿಯ ಆಂಪುಗಳಲ್ಲಿ ಎರಡನೇ ಇನ್‌ಪುಟ್ ಸಿಗ್ನಲ್ಲನ್ನು ಅರ್ಧಕ್ಕೆ ಇಳಿಸುತ್ತದೆ. ಗ್ರೀನ್ ಬುಲೆಟ್‌ನಂಥ ಮ್ಯಾಗ್ನೆಟಿಕ್ ಮೈಕಿಗೆ ಅದು ವರದಾನ. ಕ್ರಿಸ್ಟಲ್ ಮೈಕಿಗೆ ಆಗಿಬರುವುದಿಲ್ಲ, ಯಾಕಂದ್ರೆ ಆ ಇನ್‌ಪುಟ್ಟಿನ ಇಂಪೀಡೆನ್ಸೂ ಇಳಿದಿರುತ್ತದೆ. ಇನ್ನೊಂದು ಮಾತು. ಆ ಹಳೆಯ ಮೈಕಿನ ಕ್ರಿಸ್ಟಲ್ ಅಂದರೆ ರೋಶೆಲ್ ಉಪ್ಪು. ತೇವಕ್ಕೆ ಕರಗುತ್ತದೆ, ಬಿಸಿಗೆ ಸಾಯುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿಗೆ ಅದು ಹೇಳಿ ಮಾಡಿಸಿದ ಬಲಿ. ವಿಂಟೇಜ್ ಅಂತ ದುಬಾರಿಗೆ ತರಿಸುವ ಮುಂಚೆ ನಮ್ಮ ಹವೆ ನೆನಪಿರಲಿ.

ಇಷ್ಟಾದ ಮೇಲೂ ಕೂಗು ನಿಲ್ಲದಿದ್ದರೆ ಆಗ ಟ್ಯೂಬ್ ಬದಲಾಯಿಸಿ. ಒಂದು 12ಎವೈ7, ಒಂದು 12ಎಯು7 ಎರಡೂ ಇಟ್ಟುಕೊಂಡು ಕಿವಿಯಲ್ಲಿ ಆರಿಸಿ. ತೀರಾ ಕಮ್ಮಿಯಾದರೆ ಸದ್ದು ಸತ್ತ ಹಾಗಿರುತ್ತದೆ, ಕಮ್ಮಿ ಮಾಡೋದಕ್ಕೂ ಒಂದು ಅಳತೆ ಉಂಟು. ಚಾಸಿಯ ಒಳಗೆ ಮಾತ್ರ ಕೈ ಹಾಕಬೇಡಿ. ಅಲ್ಲಿ ಮುನ್ನೂರು, ನಾನೂರು ವೋಲ್ಟ್ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಅದು ಬಲ್ಲವರ ಕೆಲಸ, ಪವರ್ ಟ್ಯೂಬಿನ ಬಯಾಸ್ ಹೊಂದಿಸುವುದೂ ಅವರದ್ದೇ. ಸ್ಪೀಕರ್ ವೈರ್ ಕಿತ್ತಿಟ್ಟು ಟ್ಯೂಬ್ ಆಂಪ್ ನಡೆಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಅಮೆರಿಕದಲ್ಲಿರುವ ಭಾವನೋ ತಮ್ಮನೋ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಆಂಪಾದರೆ ಮೊದಲು ಹಿಂದೆ ತಿರುಗಿಸಿ ವೋಲ್ಟೇಜ್ ಓದಿ. ಅದು 120 ವೋಲ್ಟಿನದು. ನಮ್ಮ ಗೋಡೆಯಲ್ಲಿರೋದು 230. ನಡುವೆ ತಕ್ಕ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ನೀವು ಕೇಳುವ ಮೊದಲ ಬ್ಲೂಸ್ ಅದೇ ಆಗಿರುತ್ತದೆ.

‘ಈ ಕಾಲದಲ್ಲಿ ಟ್ಯೂಬ್ ಯಾಕ್ರೀ, ಎಲ್ಲಾ ಸಾಫ್ಟ್‌ವೇರಿನಲ್ಲೇ ಬರುತ್ತಲ್ಲ’ ಅನ್ನುವವರೂ ಇದ್ದಾರೆ. ಸಾಫ್ಟ್‌ವೇರ್ ಬರೆದೇ ಅನ್ನ ತಿನ್ನುವವನು ನಾನು, ಅದನ್ನು ಹೀಗಳೆಯೋಕೆ ಬಾಯಿ ಬರೋದಿಲ್ಲ. ಮಾಡೆಲಿಂಗ್ ಚೆನ್ನಾಗಿಯೇ ಆಗಿದೆ. ಆದರೆ ಅಲ್ಲಿನ ಪ್ರಿಸೆಟ್‌ಗಳನ್ನು ಹೊಂದಿಸಿರುವುದು ಹೆಚ್ಚಾಗಿ ಗಿಟಾರಿಗೆ. ಮೌತ್ ಆರ್ಗನ್ ಚುಚ್ಚಿದರೆ ಅಲ್ಲೂ ಅದೇ ಕೂಗು, ಅದೇ ಮದ್ದು: ಗೇನ್ ಇಳಿಸಿ, ಟ್ರೆಬಲ್ ಇಳಿಸಿ. ಟ್ಯೂಬನ್ನು ನಾನು ಇಷ್ಟಪಡುವುದು ಅದರ ನಡವಳಿಕೆಗೆ. ಐದು ವ್ಯಾಟಿನ ಪುಟ್ಟ ಆಂಪಿನಲ್ಲಿ ಜೋರಾಗಿ ಎಳೆದಾಗ ಸ್ವರ ಕುಗ್ಗಿ ಮತ್ತೆ ಅರಳುತ್ತದೆ. ಅಂಗೈ ತೆರೆದರೆ ಸದ್ದು ತಿಳಿಯಾಗುತ್ತದೆ, ಮುಚ್ಚಿದರೆ ಒರಟಾಗುತ್ತದೆ. ಉಸಿರು, ಅಂಗೈ, ಆಂಪು ಮೂರೂ ಒಂದೇ ವಾದ್ಯವಾಗುತ್ತವೆ. ಗೇನ್ ಮಿತಿಮೀರಿದ ಆಂಪಿನಲ್ಲಿ ಇದು ಯಾವುದೂ ಕೇಳಿಸುವುದಿಲ್ಲ. ಮೆಲ್ಲಗೆ ಊದಿದರೂ ಅಬ್ಬರ, ಜೋರಾಗಿ ಊದಿದರೂ ಅಬ್ಬರ. ನುಡಿಸುವವನು ಅಲ್ಲಿ ಇದ್ದಾನೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ನನ್ನ ಜಗಳ ಅದರ ಜೊತೆಗೇ. ಜಾಸ್ತಿ ಅನ್ನೋದು ನಮ್ಮ ತಲೆಮಾರಿಗೆ ಅಂಟಿದ ಚಟ. ಜಾಸ್ತಿ ರ‍್ಯಾಮ್, ಜಾಸ್ತಿ ಮೆಗಾಪಿಕ್ಸೆಲ್, ಜಾಸ್ತಿ ಪ್ಯಾಕೇಜ್. ಹತ್ತು ತೂತಿನ ಒಂದು ಪುಟ್ಟ ವಾದ್ಯದ ಹತ್ತಿರವಾದರೂ ಆ ಚಟ ಬಿಟ್ಟು ಬನ್ನಿ ಮಾರಾಯ್ರೆ. ಐವತ್ತು ವ್ಯಾಟಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಒಂದು ಐದು ವ್ಯಾಟಿನ ಆಂಪ್ ಬರುತ್ತದೆ, ಒಂದು ಹದವಾದ ಮೈಕು ಬರುತ್ತದೆ, ನಾಲ್ಕೈದು ಶ್ರುತಿಯ ಒಳ್ಳೆಯ ಮೌತ್ ಆರ್ಗನ್ನುಗಳು ಬರುತ್ತವೆ. ಉಳಿದದ್ದಕ್ಕೆ ದುಡ್ಡು ಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ ಉಸಿರು ಬೇಕು, ಟ್ರೆಬಲ್ ಗುಬ್ಬಿಯನ್ನು ಎಡಕ್ಕೆ ತಿರುಗಿಸುವಷ್ಟು ವಿನಯ ಬೇಕು.